ಹದಿನೆಂಟನೇ ತಾರೀಖಿನ ಹೆಸರು

ಪ್ಲಿಮತ್, ಮಿಶಿಗನ್
ಭಾನುವಾರ, ಸೆಪ್ಟೆಂಬರ್ 6, 2009

ತಿರುಮಲೇಶ್ ಅವರಿಗೆ,

ಹೆಸರು ಹಿಡಿದು ಬರೆದಿದ್ದೇನೆ, ನಿಮ್ಮಮ್ಮನಿಗೆ ತೋರಿಸಬೇಡಿ, ಬೇಜಾರು ಮಾಡಿಕೊಂಡಾರು. ನಾಲ್ಕು ವರ್ಷ 'ರೀ' ಎಂದೇ ಕರೆದವಳು ನಾನು. ತಿರುಗಿ ನೋಡುವವರು ಎದುರಿಗಿಲ್ಲದಾಗ ಹಾಗೆ ಬರೆಯಲು ಕೈ ಬರಲಿಲ್ಲ. ಮೇಲ್‌ಗೆ ನಿಮ್ಮಿಂದ ಉತ್ತರವಿಲ್ಲ, ಫೋನ್ ಎತ್ತುವುದಿಲ್ಲ. ಗೌರಿ ಹಬ್ಬದ ದಿನ ಫೋನ್ ಮಾಡಿದಾಗ ನಿಮ್ಮಮ್ಮ, "ಅವ್ನು ಮನೇಲಿಲ್ಲ ಕಣಮ್ಮ, ಆಚೆ ಹೋಗಿದಾನೆ" ಅಂದರು. ಹಿಂದೆ ನೀವು ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮಿನ ಗುರುತು ನನಗೆ ಸಿಗದೆ ಇರುತ್ತದೆಯೆ? ಇರಲಿ, ಬಿಸಿನೀರು ಕುಡಿಯಿರಿ.

ಮೊನ್ನೆ ಮಂಗಳವಾರ ಎರಡು ಲಕೋಟೆ ಒಟ್ಟಿಗೇ ಬಂದವು. ಒಂದು ನಿಮ್ಮ ವಕೀಲರದು. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕಾಗದಗಳು, ನಾನು ರುಜು ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು. ಗುರುತು ಹಾಕಿದ ಕೈ ನಿಮ್ಮದೇ ಎಂದು ನೋಡಿದ ಕೂಡಲೇ ತಿಳಿಯಿತು. ಇನ್ನೊಂದು ಇಮಿಗ್ರೇಷನ್ ಕಚೇರಿಯದು. ಇದೇ ಹದಿನೆಂಟರ ಶುಕ್ರವಾರ ಬೆಳಿಗ್ಗೆ ಡೆಟ್ರಾಯಿಟ್‌ನಲ್ಲಿ ನನ್ನ ಓತ್. ಜನವರಿಯಲ್ಲಿ ಸಿಟಿಜನ್‌ಶಿಪ್ ಪರೀಕ್ಷೆ ಪಾಸಾದವಳಿಗೆ ಸೆಪ್ಟೆಂಬರಿನಲ್ಲಿ ಪ್ರಮಾಣವಚನ. ಎಂಟು ತಿಂಗಳು ಕಾದ ಕಾಗದ, ಇನ್ನು ಕಾಯುವುದಿಲ್ಲವೆಂದು ನೀವು ತೀರ್ಮಾನಿಸಿದ ಮೇಲೆ ಬಂತು.

ಇಷ್ಟು ತಡ ಏಕಾಯಿತೆಂದು ನೀವು ಏಪ್ರಿಲ್‌ನಲ್ಲೇ ಕೇಳಿದ್ದಿರಿ. ಆಗ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ಇದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೇ.

ಊರಿನಲ್ಲಿ ನಾನು ಡಿ. ವತ್ಸಲಾ. ಇಲ್ಲಿಗೆ ಬರುವಾಗ ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ ಬಿಡಿಸಿ ಕೊನೆಯಲ್ಲಿ ಅಪ್ಪನ ಹೆಸರು ಕೂರಿಸಿದರು. ಅವತ್ತಿನಿಂದ ಆಸ್ಪತ್ರೆಯ ಲ್ಯಾಬಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲರ ಬಾಯಲ್ಲೂ ನಾನು ಮಿಸೆಸ್ ದ್ವಾರಕಾನಾಥ್. ಹತ್ತು ವರ್ಷದಿಂದ ಈ ದೇಶದಲ್ಲಿ ನಾನು ನಮ್ಮಪ್ಪನ ಹೆಂಡತಿ! ಮದುವೆಯಾದ ಹೊಸದರಲ್ಲಿ ಇದನ್ನು ಹೇಳಿಕೊಂಡು ಎಷ್ಟು ನಗುತ್ತಿದ್ದೆವು. ಅಂಚೆಯವನು ನಿಮ್ಮನ್ನೂ ಮಿಸ್ಟರ್ ದ್ವಾರಕಾನಾಥ್ ಎಂದು ಕರೆದಾಗ ಮಾತ್ರ ನೀವು ಅಷ್ಟಾಗಿ ನಗಲಿಲ್ಲ. ಚಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಿಂದ ನಿಮ್ಮ ಸ್ನೇಹಿತ ಪ್ರಕಾಶ್ ಬಂದಿದ್ದಾಗ, "ಏನಪ್ಪಾ, ಲೆಟರ್‌ಬಾಕ್ಸ್ ಮೇಲೆ ಮಾವನ ಹೆಸರು? ಮನೆಅಳಿಯ ಆಗ್ಬಿಟ್ಯಾ?" ಎಂದು ಊಟದ ಮೇಜಿನಲ್ಲಿ ಎಲ್ಲರೆದುರಿಗೆ ರೇಗಿಸಿದರು. ನೀವೂ ಎಲ್ಲರ ಜೊತೆ ನಕ್ಕಿರಿ. ಮರುದಿನ ಬೆಳಿಗ್ಗೆ ಬೆಣ್ಣೆ ಹಚ್ಚುವ ಚಾಕುವಿನಿಂದ ಆ ಲೇಬಲ್ ಕೆರೆಯುತ್ತಾ ನಿಂತಿದ್ದಿರಿ. ಏಕೆಂದು ಕೇಳಿದರೆ, "ಸುಮ್ನೆ, ಹಳೇದಾಗಿತ್ತು" ಅಂದಿರಿ. ನನಗೆ ಅರ್ಥವಾಗಿತ್ತು ರೀ.

ಅದಕ್ಕೇ ಕಳೆದ ವರ್ಷ ಸಿಟಿಜನ್‌ಶಿಪ್ ಅರ್ಜಿ ತುಂಬುವಾಗ, ಹೆಸರು ಬದಲಿಸಬೇಕೆ ಎಂಬ ಕಡೆ ಹೌದು ಎಂದು ಗುರುತು ಹಾಕಿ 'ವತ್ಸಲಾ ತಿರುಮಲೇಶ್' ಎಂದು ಬರೆದೆ. ನಿಮಗೆ ಹೇಳಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ದಿನ ಅದನ್ನು ನಿಮ್ಮ ಕೈಗಿಟ್ಟು, ಓದುವಾಗ ನಿಮ್ಮ ಮುಖ ನೋಡಬೇಕೆಂದಿತ್ತು. ಮೂವತ್ತೆಂಟು ವರ್ಷದವಳ ಹುಡುಗಾಟ.

ಆಮೇಲೆ ನವೆಂಬರ್ ಬಂತು. ಬೆಳಿಗ್ಗೆ ಆಫೀಸಿಗೆ ಹೋದವರು ಮಧ್ಯಾಹ್ನಕ್ಕೇ ರಟ್ಟಿನ ಡಬ್ಬಿ ಹಿಡಿದು ಬಂದಿರಿ. ಕೆಲಸ ಹೋದ ಮೇಲೆ ವೀಸಾ ಎಲ್ಲಿಯದು? ಗ್ರೀನ್ ಕಾರ್ಡಿನವಳು ಗಂಡನನ್ನು ಕರೆಸಿಕೊಳ್ಳಲು ನಾಲ್ಕೈದು ವರ್ಷ, ಸಿಟಿಜನ್ ಆದರೆ ವರ್ಷದೊಳಗೆ ಎಂದು ಲೆಕ್ಕ ಹಾಕಿದವರು ನೀವೇ. ನೀವು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ, "ಪಾಸಾಗು, ಓತ್ ಮುಗಿದ ದಿನಾನೇ ನಂಗೆ ಅಪ್ಲೈ ಮಾಡು, ಇನ್ನೊಂದು ಯೋಚ್ನೆ ಮಾಡ್ಬೇಡ" ಅಂದಿರಿ. ನಾನು ಹೂಂ ಅಂದೆ.

ಪರೀಕ್ಷೆಯಲ್ಲಿ ಕೇಳಿದ ಮೊದಲ ಆರಕ್ಕೆ ಆರೂ ಸರಿ. ಹುರಳೀಕಾಯಿ ಹೆಚ್ಚುತ್ತಿದ್ದವಳನ್ನು ನೀವು ಪುಸ್ತಕ ಹಿಡಿದು ಪೀಡಿಸಿದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತು. ಕೊನೆಗೆ ಆ ಆಫೀಸರ್ ಹೆಂಗಸು ಅರ್ಜಿಯ ಮೇಲೆ ಪೆನ್ ಇಟ್ಟು, ಹೆಸರು ಬದಲಾವಣೆ ಇನ್ನೂ ಬೇಕೆ ಎಂದು ಕೇಳಿದಳು. ಬೇಡವೆಂದರೆ ಎರಡು ಮೂರು ವಾರದಲ್ಲಿ ಓತ್, ಬೇಕೆಂದರೆ ಜಡ್ಜ್ ಎದುರಿಗೇ ಆಗಬೇಕು, ಸ್ವಲ್ಪ ತಡ ಎಂದಳು. ಸ್ವಲ್ಪ ಎಂದರೆ ಇನ್ನೆರಡು ವಾರ ಇರಬಹುದು ಎಂದುಕೊಂಡೆ. ಬೇಕು ಅಂದುಬಿಟ್ಟೆ. ನೀವು ಅಲ್ಲಿ ದಿನ ಎಣಿಸುತ್ತಿದ್ದಿರಿ, ನಾನು ಇಲ್ಲಿ ನಿಮ್ಮ ಹೆಸರಿಗಾಗಿ ದಿನ ಕೂಡಿಸುತ್ತಿದ್ದೆ. ಇದಕ್ಕಿಂತ ದೊಡ್ಡ ಪೆದ್ದುತನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಮೇ ತಿಂಗಳಿಗೆ ಒಂದು ತಾರೀಖು ಕೊಟ್ಟು, ಒಂದು ವಾರ ಮುಂಚೆ ರದ್ದು ಮಾಡಿದರು. ಕಾರಣ ಬರೆದಿರಲಿಲ್ಲ. ಅಷ್ಟರಲ್ಲಿ ನಿಮ್ಮ ಏಪ್ರಿಲ್ ಮೇಲ್ ಬಂದಾಗಿತ್ತು. ಚಿಕಾಗೋದಲ್ಲಿ ಪ್ರಕಾಶ್‌ಗೆ ಮೂರು ವಾರದಲ್ಲಿ ಆಯಿತು, ನಿನಗೆ ಮಾತ್ರ ಏಕೆ ಇಲ್ಲ, ಫೇಲಾಗಿದ್ದರೆ ಫೇಲಾದೆ ಎನ್ನು, ನಾನು ಬರುವುದು ಬೇಡವಾಗಿದ್ದರೆ ಅದನ್ನಾದರೂ ಬಾಯಿ ಬಿಟ್ಟು ಹೇಳು ಎಂದು ಬರೆದಿದ್ದಿರಿ. ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತಲ್ಲ. ನನ್ನನ್ನು ಸುಳ್ಳಿ ಎಂದವರಿಗೆ ವಿವರಣೆ ಏಕೆ ಕೊಡಲಿ ಎಂದು ಬಾಯಿ ಹೊಲಿದುಕೊಂಡೆ. ಎರಡು ಸಾಲು ಬರೆದಿದ್ದರೆ ಸಾಕಿತ್ತು. ಜೂನ್‌ನಲ್ಲಿ ಕೋಪ ಇಳಿದು, ಎಲ್ಲ ಬಿಟ್ಟು ನಾನೇ ಬಂದುಬಿಡಲೇ ಎಂದು ಕೇಳಿದಾಗ ನೀವು ಒಂದೇ ಪದ ಬರೆದಿರಿ, ಬೇಡ ಎಂದು. ಆಮೇಲೆ ಅದೂ ಇಲ್ಲ.

ಈಗ ನಿಜ ತಿಳಿದರೂ ನೀವು ಬರುವುದಿಲ್ಲ. ಅಲ್ಲೇ ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ ಎಂದು ನಿಮ್ಮಮ್ಮ ಹೇಳಿದರು. ಸಂತೋಷ. ಇಲ್ಲಿಗೆ ಬಂದಿದ್ದರೂ ಏನಿತ್ತು? ಹೋದ ವಾರ ನಲವತ್ತು ಮೈಲಿ ಡ್ರೈವ್ ಮಾಡಿಕೊಂಡು ರಾಚೆಸ್ಟರ್ ಹಿಲ್ಸ್‌ಗೆ ಹೋಗಿ ನಿಮ್ಮ ಆಫೀಸ್ ನೋಡಿ ಬಂದೆ. ಏಕೆ ಹೋದೆನೋ ಗೊತ್ತಿಲ್ಲ. ಬೋರ್ಡ್ ತೆಗೆದಿದ್ದಾರೆ. ನೀವು ಕಾರು ನಿಲ್ಲಿಸುತ್ತಿದ್ದ ಮೂಲೆಯಲ್ಲಿ ಮೊಣಕಾಲುದ್ದ ಹುಲ್ಲು. ನನಗೂ ಲ್ಯಾಬಿನಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಈಗ. ಉಳಿದ ದಿನ ಮನೆಯಲ್ಲಿ ಕೂತು ಅಂಚೆಯವನ ದಾರಿ ಕಾಯುವುದು ರೂಢಿಯಾಗಿತ್ತು. ಇನ್ನು ಅದೂ ಬೇಕಾಗಿಲ್ಲ.

ಹೆಸರು ಬೇಡವೆಂದು ಈಗ ಹೇಳಬಹುದೇ ಎಂದು ಫೋನ್ ಮಾಡಿ ಕೇಳಿದೆ. ಹೇಳಬಹುದಂತೆ, ಆದರೆ ಮತ್ತೆ ಹೊಸ ತಾರೀಖಂತೆ. ನನ್ನಿಂದ ಇನ್ನೊಂದು ದಿನವೂ ಕಾಯಲಾಗುವುದಿಲ್ಲ. ಆಗಲಿ ಬಿಡಿ. ಇಷ್ಟು ದಿನ ನಮ್ಮಪ್ಪನ ಹೆಂಡತಿ ಎಂದು ತಪ್ಪು ತಿಳಿದು ಕರೆಯುತ್ತಿದ್ದವರು, ಇನ್ನು ಮೇಲೆ ನಿಮ್ಮ ಹೆಂಡತಿ ಎಂದು ತಪ್ಪು ತಿಳಿದು ಕರೆಯುತ್ತಾರೇನೋ.

ಓತ್ ಕಾಗದದ ಹಿಂಬದಿಯಲ್ಲಿ ಕೆಲವು ಪ್ರಶ್ನೆಗಳಿವೆ, ಆ ದಿನ ಉತ್ತರ ಬರೆದು ಒಪ್ಪಿಸಬೇಕು. ಪರೀಕ್ಷೆಯಾದ ಮೇಲೆ ನಿಮಗೆ ಮದುವೆಯಾಗಿದೆಯೆ, ವಿಚ್ಛೇದನವಾಗಿದೆಯೆ, ಗಂಡನಿಂದ ಬೇರೆಯಾಗಿದ್ದೀರಾ ಎಂಬುದು ಮೊದಲನೆಯದು. ಹೌದು, ಇಲ್ಲ ಎಂದು ಎರಡು ಚೌಕ. ಐದು ದಿನದಿಂದ ಊಟದ ಮೇಜಿನ ಮೇಲಿಟ್ಟುಕೊಂಡು ನೋಡುತ್ತಿದ್ದೇನೆ. ನೂರು ಪ್ರಶ್ನೆ ಬಾಯಿಪಾಠ ಮಾಡಿಸಿದಿರಿ, ಇದೊಂದನ್ನು ಹೇಳಿಕೊಡಲಿಲ್ಲ.

ನಿಮ್ಮ ಮೇಲೆ ಕೋಪವಿಲ್ಲ. ಇದ್ದದ್ದೆಲ್ಲ ನನ್ನ ಮೇಲೇ ಖರ್ಚಾಯಿತು. ಅಮ್ಮನಿಗೆ ನಮಸ್ಕಾರ ಹೇಳಿ.

ಇಂತಿ,
ಇನ್ನು ಹನ್ನೆರಡು ದಿನದ ಮಟ್ಟಿಗೆ,
ವತ್ಸಲಾ ದ್ವಾರಕಾನಾಥ್

ಮರೆತ ಮಾತು: ನಿಮ್ಮ ಪೆನ್ಸಿಲ್ ಗುರುತಿದ್ದ ಕಡೆಯಲ್ಲೆಲ್ಲ ರುಜು ಹಾಕಿ ಕಾಗದಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಆ ಚೌಕದಲ್ಲಿ ಹೌದು ಎಂದೇ ಬರೆಯುತ್ತೇನೆ. ಇಷ್ಟು ಆತುರವೇನಿತ್ತು ಎಂದು ನಿಮ್ಮಮ್ಮ ಕೇಳಿದರೆ ಹೀಗೆ ಹೇಳಿ: ಹದಿನೆಂಟು ದಾಟಿದ್ದರೆ ಈ ರುಜುವನ್ನು ವತ್ಸಲಾ ತಿರುಮಲೇಶ್ ಎಂದು ಹಾಕಬೇಕಾಗುತ್ತಿತ್ತು. ಆ ಹೆಸರಿನಿಂದ ಇದಕ್ಕೆ ರುಜು ಹಾಕುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.