ತಟ್ಟೆಯಲ್ಲಿದ್ದದ್ದು ಬೆಣ್ಣೆಯಲ್ಲ, ಅಕ್ಕ

ಪ್ರೀತಿಯ ಅಕ್ಕನಿಗೆ,

ನಿನ್ನ ಕೊನೆಯ ತಮ್ಮನ ಸಾಷ್ಟಾಂಗ. ಇದನ್ನು ಮಲಗಿಕೊಂಡು ಓದಬೇಡ, ಎದ್ದು ಕೂತು ಓದು. ಬೈಯಲು ಅನುಕೂಲವಾಗುತ್ತದೆ.

ಕೆಂಪಾಪುರದ ಮನೆಗೆ ಆ ತಗಡಿನ ಓವನ್ ಬಂದ ದಿನ ನೆನಪಿದೆಯೇ? ಭಾವ ಯಶವಂತಪುರದಲ್ಲಿ ಮಾಡಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿದ್ದರು. ಕೆಳಗೆ ಇದ್ದಿಲ ಒಲೆ, ಮುಚ್ಚಳದ ಮೇಲೂ ಕೆಂಡ, ನಡುವೆ ಒಂದೇ ತಟ್ಟೆ. ನೀನು ಅದಕ್ಕೆ ಅರಿಶಿನ ಕುಂಕುಮ ಇಟ್ಟೆ. ನಾನಾಗ ನಿಮ್ಮ ಮನೆಯಲ್ಲೇ ಉಂಡುಕೊಂಡು, ಹೆಬ್ಬಾಳದ ಹಂದಿ ಸಾಕುವ ಫಾರಮ್ಮಿನಲ್ಲಿ ಗುಮಾಸ್ತನಾಗಿದ್ದೆ. ನಿಮ್ಮತ್ತೆಯ ಕಾನೂನು ಸ್ಪಷ್ಟವಾಗಿತ್ತು: ಕುರಿ, ಕೋಳಿ ಅಡುಗೆಮನೆಗೆ ಬರಬಹುದು, ಹಂದಿ ಮಾತ್ರ ಹೊಸಿಲು ದಾಟಕೂಡದು.

ಆ ಮಂಗಳವಾರ ನೀವೆಲ್ಲ ಬ್ಯಾಟರಾಯನಪುರದ ನೆಂಟರ ಮನೆಗೆ ಹೋಗಿದ್ದಿರಿ. ಫಾರಮ್ಮಿನ ಗೆಳೆಯ ಜೋಸೆಫ್ ನನಗೆ ಬೇಕನ್ ಕೊಟ್ಟಿದ್ದ. ಉಪ್ಪು ಹಾಕಿ, ಹೊಗೆ ಹಿಡಿಸಿದ ಹಂದಿ ಮಾಂಸದ ತೆಳು ಪಟ್ಟಿಗಳು. ಬಾಣಲೆಯಲ್ಲಿ ಹುರಿಯುವುದು ಸೋಮಾರಿಗಳ ಕೆಲಸ, ಓವನ್ನಿನಲ್ಲಿಟ್ಟು ನೋಡು ಎಂಬ ಉಪದೇಶವನ್ನೂ ಕೊಟ್ಟಿದ್ದ. ನೋಡಿದೆ. ಪಟ್ಟಿಗಳನ್ನು ಒಂದರ ಮೇಲೊಂದು ಬೀಳದಂತೆ ಮಲಗಿಸಿ, ಬೆಲ್ಲದ ಪಾಕ ಸವರಿ, ಮೆಣಸು ಕುಟ್ಟಿ ಉದುರಿಸಿ, ನಿನ್ನ ಡಬ್ಬಿಯಿಂದ ಒಂದು ಚಿಟಿಕೆ ಚಕ್ಕೆಪುಡಿಯನ್ನೂ ಕದ್ದೆ. ಅಂಚು ಮುದುಡಿ, ಬೆಲ್ಲ ಕೆಂಪಗೆ ಕಚ್ಚಿಕೊಂಡು, ಆ ವಾಸನೆ... ನೀನು ಮೂಗು ಮುಚ್ಚಿಕೊಳ್ಳುವ ಮೊದಲೇ ನಿಲ್ಲಿಸುತ್ತೇನೆ. ಹನ್ನೆರಡೂ ಪಟ್ಟಿಗಳನ್ನು ನಿಂತಲ್ಲೇ ತಿಂದೆ. ಕಿಟಕಿ ತೆರೆದೆ, ಸಾಂಬ್ರಾಣಿ ಹಾಕಿದೆ, ತಟ್ಟೆಯನ್ನು ಮಾತ್ರ ಓವನ್ನಿನಲ್ಲೇ ಮರೆತೆ.

ಮಾರನೆಯ ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ನೀನು ಆ ತಟ್ಟೆಯನ್ನು ಹೊರಗೆಳೆದಿದ್ದೆ. ಕರಗಿದ ಕೊಬ್ಬು ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು. ನಿನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ. ಅವರಿಗೆ ಬಿಸ್ಕತ್ತು ಸುಡುವುದು ನಿನ್ನ ಪಾಲಿನ ಕೆಲಸ. ನೆಗಡಿಯಿಂದ ನಿನ್ನ ಮೂಗು ಬೇರೆ ಕಟ್ಟಿತ್ತು.

"ಬೆಣ್ಣೆ ಸವರಿಟ್ಟಿದ್ದೀಯಾ? ನನ್ ಕಷ್ಟ ಈ ಮನೇಲಿ ನಿಂಗೊಬ್ಬನಿಗೇ ಕಣೋ ತಿಳಿಯೋದು" ಎನ್ನುತ್ತ ನೀನು ಅದರ ಮೇಲೇ ಬಿಸ್ಕತ್ತಿನ ಹಿಟ್ಟು ಜೋಡಿಸತೊಡಗಿದೆ.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ, ಕಾಫಿ ಕುಡಿಯಲು.

ಗಂಡಿನ ಕಡೆಯವರು ಹೋದ ಮೇಲೆ ನಿಮ್ಮತ್ತೆ ಜಗುಲಿಯಲ್ಲಿ ಕೂತು ನಾಲ್ಕನೆಯ ಬಿಸ್ಕತ್ತು ಮುರಿದರು. "ಏನಾಕಿದ್ದೀಯಮ್ಮಿ ಇವತ್ತು? ಈಗ್ ಬಂತು ನೋಡು ನಿನ್ ಕೈಗೆ ರುಚಿ" ಅಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ನೀನು ಒಳಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಂಥ ಹೊತ್ತಿನಲ್ಲಿ ಯಾವ ತಮ್ಮ ತಾನೇ ಹಂದಿಯ ವಿಷಯ ಎತ್ತುತ್ತಾನೆ, ನೀನೇ ಹೇಳು?

ಆಮೇಲೆ ನೀನು ಪಟ್ಟ ಪಾಡು ನೋಡಿದವನು ನಾನು. ತುಪ್ಪ ಬದಲಾಯಿಸಿದೆ, ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿದೆ, ಕೊನೆಗೆ ಇದ್ದಿಲಿನ ಅಂಗಡಿಯನ್ನೂ ಬಿಟ್ಟೆ. ಅತ್ತೆ ಪ್ರತಿ ಸಲವೂ ಮುರಿದು, ಅಗಿದು, ಅವತ್ತಿನಂಗಿಲ್ಲ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ನಿನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತ ನನ್ನನ್ನು ಕೇಳಿದೆ: "ನನ್ ಕೈ ಕೆಟ್ಟೋಯ್ತೇನೋ?"

"ವಯಸ್ಸಾಯ್ತಲ್ಲಕ್ಕ" ಅಂದೆ ನಾನು.

ನಿನಗೆ ಆಗ ಮೂವತ್ತಾರು. ತಮಾಷೆಯಲ್ಲವೇ ಅಂತ ನೀನೂ ನಕ್ಕೆ. ಆ ವಾರವೇ ಓವನ್ ಅಟ್ಟ ಸೇರಿತು. ಜನರನ್ನು ನಗಿಸುತ್ತೇನೆ ಅಂತ ನನಗೆ ಬಹಳ ಜಂಬ, ಅಕ್ಕ. ಆದರೆ ನಿನ್ನ ಆ ನಗು ಇದೆಯಲ್ಲ...

ಹೋದ ಭಾನುವಾರ ನಿನ್ನ ವರ್ಷದ ತಿಥಿ ಮುಗಿದ ಮೇಲೆ ಭಾವನಿಗೆ ಎಲ್ಲ ಹೇಳಿಬಿಟ್ಟೆ. ಎದ್ದು ಬಾರಿಸುತ್ತಾರೆ ಅಂದುಕೊಂಡಿದ್ದೆ, ಬಾರಿಸಿದ್ದರೆ ಒಳ್ಳೆಯದಿತ್ತು. ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, "ನಂಗ್ಯಾಕಯ್ಯಾ ಹೇಳ್ತೀಯ? ಅವ್ಳು ಕೇಳಿದ್ಲಲ್ಲ, ಆಗ ಹೇಳ್ಬೇಕಿತ್ತು" ಅಂದರು.

ಕೇಳಿದ್ದೆಯಲ್ಲ, ಈಗ ಹೇಳುತ್ತಿದ್ದೇನೆ. ನಿನ್ನ ಕೈ ಯಾವತ್ತೂ ಕೆಟ್ಟಿರಲಿಲ್ಲ. ನಿಮ್ಮತ್ತೆ ಇನ್ನೂ ಗಟ್ಟಿಯಾಗಿದ್ದಾರೆ. ಬಂದವರಿಗೆಲ್ಲ, ಸೊಸೆ ಪಾಪ ಒಂದೇ ಒಂದು ಸಲ ರುಚಿಯಾಗಿ ಮಾಡಿದ್ದಳು ಅನ್ನುತ್ತಾರೆ. ನಾಳೆ ಬೆಳಿಗ್ಗೆ ಅವರೆದುರು ನಿಂತು, ಅವತ್ತು ತಾವು ಹೊಗಳಿದ್ದು ಏನನ್ನು ಅಂತ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಆ ಮನೆಯಲ್ಲಿ ನನಗೆ ಎಲೆ ಹಾಕಲಾರರು. ಹಾಕದಿದ್ದರೆ ಬೇಡ ಬಿಡು. ನಿನಗೆ ಒಂದೇ ಸಲ ರುಚಿ ಒಲಿದಿತ್ತು ಅನ್ನುವ ಮಾತನ್ನು ನಾಳೆಯಿಂದ ಅಲ್ಲಿ ಯಾರೂ ಆಡುವ ಹಾಗಿಲ್ಲ.

ನಿನ್ನ ತಮ್ಮ