ಬೇಗ ನಕ್ಕವರು

ಆಗಸ್ಟ್ 7, ಬುಧವಾರ

ಮತ್ತೆ ಬಾಗಿಲ ಡ್ಯೂಟಿ. ಸಿನಿಮಾ ಕ್ಲಬ್ಬಿನ ನಿಯಮ — ಶೋ ಮುಗಿದ ಮೇಲೆ ಒಂದು ಮಾತು ಹೇಳದೆ ಯಾರೂ ಹಾಲ್ ಬಿಟ್ಟು ಹೋಗುವಂತಿಲ್ಲ. ಫಸ್ಟ್ ಇಯರಿನವರು ಬಾಗಿಲಲ್ಲಿ ರೆಕಾರ್ಡರ್ ಹಿಡಿದು ನಿಲ್ಲಬೇಕು, ಟೋಲ್ ಗೇಟಿನವರ ಹಾಗೆ. ಮಾರನೆಯ ದಿನ ಮೆಸ್ಸಿನಲ್ಲಿ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ, ಕ್ಲಬ್ಬಿನವರು ಅದನ್ನೆಲ್ಲ ಕೇಳಿ ನಗುತ್ತಾರೆ. ಅತಿ ದಡ್ಡ ಅಭಿಪ್ರಾಯಕ್ಕೆ ಚಪ್ಪಾಳೆ. ನಾವು ಮೂರು ಜನ ಫಸ್ಟ್ ಇಯರ್, ಪ್ಲೇ ಮಾಡಿ ಕೊಟ್ಟು ನಮ್ಮ ನಮ್ಮ ತಟ್ಟೆಗೆ ವಾಪಸ್.

ತಿಂಗಳ ಕೊನೆಗೆ ಮೂವರಲ್ಲಿ ಒಬ್ಬರನ್ನು ಆ ಟೇಬಲ್ಲಿಗೆ ಸೇರಿಸಿಕೊಳ್ಳುತ್ತಾರಂತೆ. ಅದು ನಾನಾಗಬೇಕು. ಇಲ್ಲಿ ಬರೆದರೆ ಯಾರೂ ಓದುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉಳಿದಿಬ್ಬರು ಏನೂ ಅಲ್ಲ. ಒಬ್ಬ ಎಲ್ಲದಕ್ಕೂ 'ಮೈಂಡ್ ಬ್ಲೋಯಿಂಗ್' ಅನ್ನುತ್ತಾನೆ. ಇನ್ನೊಬ್ಬಳು ಸಿನಿಮಾ ನಡುವೆ ನಿದ್ದೆ ಮಾಡುತ್ತಾಳೆ.

ನಾಳೆ ಸಂಜೆ ಯಾವುದೋ ಹಾರರ್. ಸೈಕಲಾಜಿಕಲ್ ಅಂತೆ. ಅಂದರೆ ದೆವ್ವಕ್ಕೆ ದುಡ್ಡಿರಲಿಲ್ಲ ಅಂತ.

ಆಗಸ್ಟ್ 8, ಗುರುವಾರ

ನೋಡಿ ಆಯಿತು. ಒಂದು ಫ್ಲ್ಯಾಟ್. ಒಬ್ಬಳೇ ಹೆಂಗಸು. ಒಂದು ಬಲ್ಬು. ನಡುವೆ ಒಂದು ಲಿಫ್ಟು, ಒಂದು ಹೋಟೆಲು. ಬಜೆಟ್ ಇಲ್ಲದೆ ತೆಗೆದದ್ದು ಎಂದು ಮೊದಲೇ ಅನೌನ್ಸ್ ಮಾಡಿದರು — ಹೇಳುವ ಅಗತ್ಯವೇ ಇರಲಿಲ್ಲ. ಪಕ್ಕದ ರೂಮಿನಲ್ಲಿ ಯಾರೋ ಇದ್ದಾರೆ ಎಂದು ಅವಳಿಗೆ ಅನಿಸುತ್ತದೆ. ಹೋಗಿ ನೋಡಿದರೆ ಯಾರೂ ಇಲ್ಲ. ಅಷ್ಟೇ. ಯಾರೂ ಇಲ್ಲದಿರುವುದೇ ಹಾರರ್! ಕೊನೆಯಲ್ಲಿ ಅವಳು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ತನ್ನದೇ ಮನೆಯ ಬೆಲ್ ಒತ್ತಿ ಕಾಯುತ್ತಾಳೆ. ಹಿಂದಿನ ಸಾಲಿನಲ್ಲಿ ಯಾರೋ ಕಿರುಚಿದರು. ನನಗೆ ಆಕಳಿಕೆ.

ಆಮೇಲೆ ಬಾಗಿಲು. ನನ್ನ ರೆಕಾರ್ಡರಿಗೆ ಬಿದ್ದ ಮುತ್ತುಗಳು —

ಕೆಮಿಸ್ಟ್ರಿ ಲ್ಯಾಬಿನ ಹುಡುಗ: "ದೆವ್ವ ಎಲ್ಲಿ? ಫ್ರೀ ಶೋ ಆದ್ರೇನು, ದೆವ್ವ ತೋರಿಸ್ಬೇಕು ತಾನೆ?"

ಲೈಬ್ರರಿ ಸರ್: "ಆ ಹುಡುಗಿಗೆ ಕಾಲಕ್ಕೆ ಸರಿಯಾಗಿ ಮದುವೆ ಮಾಡಿದ್ರೆ ಈ ಸಿನಿಮಾನೇ ಇರ್ತಿರ್ಲಿಲ್ಲ."

ಒಂದು ಜೋಡಿ, ಕೈ ಕೈ ಹಿಡಿದು, ಬೆರಳಿಗೆ ಬೆರಳು ಹೆಣೆದು: "ತುಂಬಾ ರಿಲೇಟೆಬಲ್ ಕಣೇ. ನಾವೂ ಹೀಗೇ ಲೋನ್ಲಿ." ಬಡಿಯಬೇಕು ಅನ್ನಿಸಿತು.

ಇಂಗ್ಲಿಷ್ ಮೇಡಂ: "ಆ ಬಲ್ಬು ಒಂದು ಸಿಂಬಲ್." ಯಾವುದರ ಸಿಂಬಲ್ ಮೇಡಂ? "ಅದನ್ನ ನೀವು ಯೋಚ್ನೆ ಮಾಡ್ಬೇಕು." ಸರಿ ಹೋಯಿತು. ಅವರಿಗೂ ಗೊತ್ತಿಲ್ಲ.

ಒಬ್ಬ ತನ್ನ ಫ್ರೆಂಡಿಗೆ: "ಪಾಪ, ಇಂಥವ್ರೂ ಇರ್ತಾರೇನೋ?" ಅವನು: "ಇರ್ತಾರೆ ಬಿಡು, ನಮಗ್ಯಾಕೆ."

ಆಗಸ್ಟ್ 9

ಮೆಸ್. ಪ್ಲೇ ಮಾಡಿದೆ. ಲೈಬ್ರರಿ ಸರ್ ಗೆದ್ದರು. ಡಬ್ಬಿಂಗ್ ಬಿದ್ದು ಬಿದ್ದು ನಕ್ಕ. ಡಬ್ಬಿಂಗ್ ಸೆಕೆಂಡ್ ಇಯರ್; ನೀರು ಕೇಳುವುದಾದರೂ ರೇಡಿಯೋದವರ ದನಿಯಲ್ಲಿ ಕೇಳುತ್ತಾನೆ, ಅದಕ್ಕೆ ಆ ಹೆಸರು. ಬಲ್ಬಿನ ಬಗ್ಗೆ ನಾನು ಒಂದು ಕಮೆಂಟ್ ಹಾಕಿದೆ. "ಸಿಂಬಲ್ ಅಲ್ಲ, ಕರೆಂಟ್ ಬಿಲ್ಲು." ಕ್ಯಾಪ್ಟನ್ ತಲೆಯೆತ್ತಿದಳು.

ಕ್ಯಾಪ್ಟನ್ ಎಂದರೆ ಕ್ಲಬ್ಬಿನ ಪ್ರೆಸಿಡೆಂಟ್. ಫೈನಲ್ ಇಯರ್. ಯಾವಾಗ ನೋಡಿದರೂ ಸುತ್ತ ನಾಲ್ಕು ಜನ, ನಡುವೆ ಅವಳ ನಗು.

"ಏ ಫಸ್ಟ್ ಇಯರ್, ನಿನ್ನ ಬಾಯಿ ಚೂಪಾಗಿದೆ ಕಣೇ."

"ಥ್ಯಾಂಕ್ಸ್ ಅಕ್ಕ."

"ಅಕ್ಕ ಗಿಕ್ಕ ಬೇಡ, ಹಲ್ಲು ಬಿದ್ದೋದ ಹಾಗನ್ಸತ್ತೆ. ಮುಂದಿನ ಶನಿವಾರ ಆ ಸಿನಿಮಾದ ಡೈರೆಕ್ಟರ್ ಬರ್ತಾರೆ. ಜನ ಹೇಳಿದ್ದನ್ನೆಲ್ಲ ಅವರ ಮುಂದೆ ನೀನೇ ಓದು. ಒಂದೂ ಬಿಡ್ಬೇಡ. ಚೆನ್ನಾಗಿ ಮಾಡಿದ್ರೆ..."

ಮುಂದೆ ಹೇಳಲಿಲ್ಲ, ತನ್ನ ಪಕ್ಕದ ಖಾಲಿ ಕುರ್ಚಿ ನೋಡಿದಳು. ನಾನೂ ನೋಡಿದೆ. ಮೈಂಡ್ ಬ್ಲೋಯಿಂಗ್ ಕೂಡ ನೋಡಿದ, ದರಿದ್ರ.

ಆಗಸ್ಟ್ 11, ಭಾನುವಾರ

ಅಮ್ಮನ ಫೋನು. ಅಪ್ಪನಿಗೆ ಮತ್ತೆ ಟ್ರಾನ್ಸ್‌ಫರ್. ಐದನೇ ಕ್ಲಾಸಿನಿಂದ ನನ್ನನ್ನು ಹಾಸ್ಟೆಲಿನಲ್ಲಿ ಇಟ್ಟಿರುವುದಕ್ಕೆ ಈ ಟ್ರಾನ್ಸ್‌ಫರ್ರೇ ಕಾರಣ. ಟ್ರಾನ್ಸ್‌ಫರ್ ಆಗದ ವರ್ಷಗಳಲ್ಲೂ ಇಟ್ಟಿದ್ದರು, ಅದು ಬೇರೆ ಮಾತು.

"ಫ್ರೆಂಡ್ಸ್ ಆದ್ರೇನೇ ಪುಟ್ಟಿ?"

"ಹ್ಞೂ. ಒಂದು ಟೇಬಲ್ ತುಂಬ."

"ನಂಗೊತ್ತಿತ್ತು! ಹಾಸ್ಟೆಲಲ್ಲಿ ಬೆಳೆದೋರು ಎಲ್ಲಿ ಬಿಟ್ರೂ ಬದುಕ್ತಾರೆ."

ಹೌದಮ್ಮ. ಜಿರಲೆ ಕೂಡ.

ಆಗಸ್ಟ್ 17, ಶನಿವಾರ

ಬರೆಯಬಾರದು ಎಂದುಕೊಂಡೆ. ಆದರೂ.

ಡೈರೆಕ್ಟರ್ ಮಧ್ಯಾಹ್ನ ಬಂದರು. ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಜಿಪ್ ಕಿತ್ತುಹೋದ ಬ್ಯಾಗು. ಬ್ಯಾಗು ನೋಡಿದರೇ ಸಿನಿಮಾದ ಬಜೆಟ್ ತಿಳಿಯುತ್ತಿತ್ತು. ನಾನು ಒಂದೊಂದೇ ಅಭಿಪ್ರಾಯ ಓದಿದೆ, ನಿಲ್ಲಿಸಿ ನಿಲ್ಲಿಸಿ, ಹಾಲ್ ನಗುವ ಹಾಗೆ. ಮದುವೆಯ ಮಾತಿಗೆ ಅವರೇ ಮೊದಲು ನಕ್ಕರು. "ನಮ್ಮಮ್ಮನೂ ಅದನ್ನೇ ಹೇಳಿದ್ರು." ಅವರನ್ನು ಅಳಿಸಬಹುದು ಎಂದು ಲೆಕ್ಕ ಹಾಕಿದ್ದೆ. ಬೇಸರವಾಯಿತು.

ಕೊನೆಗೆ ಅವರು ಕೇಳಿದರು. "ಎಲ್ಲರದ್ದೂ ಆಯ್ತು. ನಿಮ್ಮದು?"

ಕ್ಯಾಪ್ಟನ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಸಿನಿಮಾವನ್ನು ಸಿಗಿದು ಹಾಕಬೇಕು ಎಂದುಕೊಂಡೆ.

"ಸಿನಿಮಾ ತುಂಬ ಮಿಸ್ಟೇಕು ಮೇಡಂ," ಎಂದೆ. "ಅವಳು ಲಿಫ್ಟಿನಲ್ಲಿ ಜನ ಇದ್ದಾಗ ಸುಮ್ಮನೆ ಫೋನ್ ಕಿವಿಗಿಟ್ಟು ಮಾತಾಡ್ತಾಳಲ್ಲ, ಯಾರೂ ಇಲ್ದೆ — ಅದು ಸುಳ್ಳು. ನಿಲ್ಲಿಸದೆ ಮಾತಾಡ್ತಾಳೆ. ಹಂಗೆ ಯಾರೂ ಮಾಡಲ್ಲ. ಗ್ಯಾಪ್ ಬಿಡ್ಬೇಕು. ಆ ಕಡೆಯವರು ಮಾತಾಡೋಷ್ಟು ಹೊತ್ತು ಕೇಳಿಸ್ಕೋಬೇಕು. ಮಧ್ಯ ಒಂದ್ಸಲ 'ಅಯ್ಯೋ ಬಿಡೇ' ಅಂತ ನಗ್ಬೇಕು, ಜಾಸ್ತಿ ಅಲ್ಲ. ಮಾತಿಗಿಂತ ಕೇಳೋದೇ ಕಷ್ಟ. ಆಮೇಲೆ ಹೋಟೆಲಿನ ಊಟದ ಸೀನು. ಬಾಗಿಲ ಕಡೆ ಮುಖ ಮಾಡಿ ಕೂತ್ಕೋತಾಳೆ! ಒಬ್ಬಳೇ ತಿನ್ನೋಳು ಜನಕ್ಕೆ ಬೆನ್ನು ಹಾಕ್ತಾಳೆ. ಎದುರು ಕುರ್ಚಿ ಮೇಲೆ ಬ್ಯಾಗ್ ಇಡ್ತಾಳೆ, ಇನ್ನೊಂದು ಲೋಟದಲ್ಲಿ ಅರ್ಧ ನೀರು. ಯಾರೋ ಕೈ ತೊಳೆಯೋಕೆ ಹೋಗಿದ್ದಾರೆ ಅನ್ಸತ್ತೆ. ಇನ್ನು ಆ ಬೆಲ್. ಬಾಗಿಲಲ್ಲಿ ಒಬ್ಬರು ಬೇಕು ಅಂದ್ರೆ ಅಷ್ಟೆಲ್ಲ ಯಾಕೆ? ಹಾಸ್ಟೆಲಲ್ಲಿ ಸಿಕ್ ಲಿಸ್ಟಿಗೆ ಹೆಸರು ಕೊಟ್ರೆ ಸಾಕು. ಆಯಾ ಬೆಳಿಗ್ಗೆ ಸಾಯಂಕಾಲ ಬಂದು ಬಾಗಿಲು ತಟ್ಟಿ, ಹಣೆ ಮುಟ್ಟಿ ನೋಡ್ತಾಳೆ. ಜ್ವರಾನೇ ಬೇಕಿಲ್ಲ."

ತಪ್ಪು ಹುಡುಕಲು ನಿಂತರೆ ನನಗೆ ಬ್ರೇಕ್ ಇಲ್ಲ. ನಿಲ್ಲಿಸಿದಾಗ ಮೈಕಿನಲ್ಲಿ ನನ್ನದೇ ಉಸಿರು. ಬಾಯಿಂದ ಏನೇನು ಬಂತು ಎಂದು ಆಗ ತಿಳಿಯಿತು. ಕಿವಿ ಕಾದ ಕಬ್ಬಿಣ.

ಆಗ ಡಬ್ಬಿಂಗ್ ನಕ್ಕ. ಆಮೇಲೆ ಅವನ ಸಾಲು. ಆಮೇಲೆ ಇಡೀ ಹಾಲ್. ಚಪ್ಪಾಳೆ, ಸೀಟಿ. "ಸಿಕ್ ಲಿಸ್ಟ್! ಏನ್ ಕಾಮಿಡಿ ಗುರು ಇವಳು!" ಜೋಕು ಎಂದುಕೊಂಡಿದ್ದಾರೆ. ಮುಠ್ಠಾಳರು. ದೇವರು ದೊಡ್ಡವನು.

ಹೊರಗೆ ಡೈರೆಕ್ಟರ್ ಹಿಡಿದರು. "ಅವಳು ಯಾರ ಜೊತೆ ಮಾತಾಡ್ತಿದಾಳೆ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ. ನೀವು ಯಾರ ಜೊತೆ ಮಾತಾಡ್ತೀರ?"

"ಅದು ಜೋಕು ಮೇಡಂ," ಎಂದೆ.

"ಓ. ಸಾರಿ," ಎಂದರು. ನಂಬಲಿಲ್ಲ. ನಂಬದೆ ಸಾರಿ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆಗಸ್ಟ್ 19

ಕಿಟಕಿ ಟೇಬಲ್. ಕ್ಯಾಪ್ಟನ್ ಪಕ್ಕದ ಕುರ್ಚಿ. ತಿಂಗಳು ಮುಗಿಯುವವರೆಗೂ ಕಾಯಲಿಲ್ಲ. ಮೈಂಡ್ ಬ್ಲೋಯಿಂಗ್ ತನ್ನ ತಟ್ಟೆಯಿಂದಲೇ ಉರಿಗಣ್ಣು ಬಿಟ್ಟ. ನನ್ನ ಹೆಸರು ಈಗ ಸಿಕ್ ಲಿಸ್ಟ್.

ಕಿಟಕಿ ಪಕ್ಕ ಬಿಸಿಲು ಹೊಡೆಯುತ್ತದೆ. ದೂರದಿಂದ ಗೊತ್ತಾಗಿರಲಿಲ್ಲ.

ಆಗಸ್ಟ್ 22

ಇವರ ಮಾತು ಇಷ್ಟೇ — ಯಾರ ಅಭಿಪ್ರಾಯ ಎಷ್ಟು ದಡ್ಡ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರದು. ಇವರಿಗಾಗಿ ಮೂರು ವಾರ ಬಾಗಿಲು ಕಾದೆನಲ್ಲ... ದಿನವೂ ಹೇಳಿಸುತ್ತಾರೆ. "ಏ ಸಿಕ್ ಲಿಸ್ಟ್, ಫೋನ್ ಮಾಡೇ!" ಬಾಳೆಹಣ್ಣನ್ನು ಕಿವಿಗಿಟ್ಟು ಮಾಡುತ್ತೇನೆ. ಗ್ಯಾಪ್ ಬಿಡುತ್ತೇನೆ. ನಗುತ್ತಾರೆ. ಬಿಸಿ ತುಪ್ಪ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮುಂದಿನ ಶುಕ್ರವಾರ ಫ್ರೆಶರ್ಸ್ ಪ್ರೋಗ್ರಾಂ. ಸ್ಟೇಜಿನ ಮೇಲೆ ಇದೇ ಐಟಂ ಮಾಡಬೇಕಂತೆ, ಇಡೀ ಕಾಲೇಜಿನ ಮುಂದೆ.

"ಬೇಡ," ಎಂದೆ.

"ಯಾಕೇ? ಜೋಕ್ ತಾನೆ?" — ಕ್ಯಾಪ್ಟನ್. ಕಣ್ಣಲ್ಲಿ ಕಣ್ಣಿಟ್ಟು.

ಟೇಬಲ್ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಇಲ್ಲ ಎಂದರೆ ಜೋಕಲ್ಲ ಎಂದಾಯಿತು. ಜೋಕಲ್ಲದಿದ್ದರೆ ಕುರ್ಚಿಯೂ ಇಲ್ಲ.

"ಮಾಡ್ತೀನಿ," ಎಂದೆ.

ಆಗಸ್ಟ್ 31, ಶನಿವಾರ

ನಿನ್ನೆ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಹಾಳಾಗಿ ಹೋಗಲಿ. ಸಿನಿಮಾ ಹೆಸರು ಹೇಳಿ, ತಪ್ಪು ತಿದ್ದುವವಳ ಹಾಗೆ. ಹಾಲ್ ತುಂಬಿತ್ತು. ಭಯಕ್ಕೆ ಮೊದಲ ಮಾತಿಗೇ ತಡವರಿಸಿದೆ, ಅದಕ್ಕೂ ನಕ್ಕರು.

ಆದರೆ ಒಂದು ವಿಷಯ. ಜೋಕು ಹೇಳುವಾಗ ಕಿವಿ ಬೇರೆ ಥರ ಕೆಲಸ ಮಾಡುತ್ತದೆ. "ಎದುರು ಕುರ್ಚಿ ಮೇಲೆ..." ಎಂದು ನಿಲ್ಲಿಸಿದೆ, ಬ್ಯಾಗು ಎಂದು ಇನ್ನೂ ಹೇಳಿಲ್ಲ. ಹೇಳಿದ ಮೇಲೆ ತಾನೆ ನಗಬೇಕು? ಹೇಳುವ ಮೊದಲೇ ಅಲ್ಲೊಂದು ಇಲ್ಲೊಂದು ನಗು. ಎಡಗಡೆ, ಮೂಲೆಯಲ್ಲಿ. ಬಾಲ್ಕನಿಯಲ್ಲಿ. ಪುಟ್ಟ ನಗು, ಕೆಮ್ಮಿನ ಹಾಗೆ. ಬ್ಯಾಗು ಎಂದು ಅವರಿಗೆ ಹೇಗೆ ಗೊತ್ತು?

"ಅರ್ಧ..." ಎಂದೆ. ಮತ್ತೆ. ನೀರು ಎಂದಿಲ್ಲ ಇನ್ನೂ. ಈ ಸಲ ಮುಂದಿನ ಸಾಲಿನಿಂದ. ಕ್ಯಾಪ್ಟನ್.

ಅವಳೂ ಮೊದಲೇ ಕೇಳಿದ್ದಾಳಲ್ಲ, ಅದಕ್ಕೆ ಎಂದುಕೊಂಡೆ. ಪರೀಕ್ಷೆ ಮಾಡಿದೆ. ಎಂದೂ ಹೇಳದ ಒಂದನ್ನು ಸೇರಿಸಿದೆ. "ರಜ ಮುಗಿಸ್ಕೊಂಡು ಬಂದಾಗ ಎಲ್ಲರೂ ಕೇಳ್ತಾರೆ, ಹೇಗಿತ್ತು ರಜ ಅಂತ. ಅದಕ್ಕೆ ನಾವು ಬಸ್ಸಲ್ಲೇ..."

ಕ್ಯಾಪ್ಟನ್ ನಕ್ಕಳು. ಅವಳ ಅಕ್ಕಪಕ್ಕದ ನಾಲ್ಕು ಜನ ಇನ್ನೂ ಬಾಯಿ ತೆರೆದು ಕಾಯುತ್ತಿದ್ದರು.

"...ಕಥೆ ಕಟ್ಕೊಂಡು ಬರ್ತೀವಿ," ಎಂದು ಮುಗಿಸಿದೆ. ಆಗ ಉಳಿದವರು ನಕ್ಕರು.

ಇವತ್ತು ಮೆಸ್ಸಿನಲ್ಲಿ ಎಲ್ಲರೂ ಎದ್ದು ಟೀಗೆ ಹೋದರು. ಅವಳು ಮೊಬೈಲ್ ನೋಡುತ್ತ ಕೂತಿದ್ದಳು. ನಾನು ಕೇಳಬಾರದಿತ್ತು. ಬಾಯಿ ಚೂಪು, ಬುದ್ಧಿ ಮೊಂಡು.

"ನಿನ್ನೆ ನೀವು ಬೇಗ ನಕ್ರಿ."

"ಏನು?"

"ವಾಕ್ಯ ಮುಗಿದಿರ್ಲಿಲ್ಲ."

ಮೊಬೈಲ್ ಕೆಳಗಿಟ್ಟಳು. ಅವಳ ಮುಖದಲ್ಲಿ ಪ್ರೆಸಿಡೆಂಟ್ ಇರಲಿಲ್ಲ, ಯಾವುದೋ ಹಾಸ್ಟೆಲಿನ ಯಾವುದೋ ಹುಡುಗಿ ಇದ್ದಳು. ಹಾಸ್ಟೆಲಿನಲ್ಲಿ ಎಷ್ಟು ವರ್ಷ ಎಂದು ಕೇಳಬೇಕು ಎನಿಸಿತು. ಕೇಳಲಿಲ್ಲ. ತಿರಸ್ಕಾರ ಬರಲಿ ಎಂದು ಕಾದೆ. ಇಷ್ಟು ದಿನ ಎಲ್ಲರ ಮೇಲೂ ಕೂತಲ್ಲೇ ಬರುತ್ತಿತ್ತು. ಬರಲಿಲ್ಲ.

"ಯಾರಿಗಾದ್ರೂ ಹೇಳಿದ್ಯಾ?" ಎಂದಳು.

"ಹೇಳೋಕೆ ನಂಗ್ಯಾರಿದಾರೆ?"

ನಕ್ಕಳು. ಈ ಸಲ ತಡವಾಗಿ, ನಾನು ನಕ್ಕ ಮೇಲೆ.

ಟೀ ಹಿಡಿದುಕೊಂಡು ಡಬ್ಬಿಂಗ್ ಬಂದ. ತಕ್ಷಣ ಅವಳ ಹಳೇ ದನಿ: "ಏ ಸಿಕ್ ಲಿಸ್ಟ್, ನಿನ್ನ ಡೈಲಾಗ್ ಡೆಲಿವರಿ ಏನೂ ಸಾಲದು ಕಣೇ!" ಎದ್ದು ಹೋಗುವಾಗ ಮಾತ್ರ ಬಗ್ಗಿ, ಮೆಲ್ಲಗೆ — "ನಾಳೆ ಭಾನುವಾರ. ಏನ್ ಮಾಡ್ತೀಯ? ಹತ್ತಕ್ಕೆ ನಿನ್ನ ರೂಮಿಗೆ ಬರ್ಲಾ?"

"ನೋಡೋಣ," ಎಂದೆ. ನೋಡೋಣವಂತೆ! ಮಹಾರಾಣಿ.

ಸೆಪ್ಟೆಂಬರ್ 1, ಭಾನುವಾರ. ಹತ್ತೂವರೆ

ಬರುವುದಿಲ್ಲ. ಗೊತ್ತೇ ಇತ್ತು. ರೂಮ್‌ಮೇಟ್ ಮನೆಗೆ ಹೋಗಿದ್ದಾಳೆ, ಅವಳ ಮಂಚದ ಮೇಲಿನ ಬಟ್ಟೆ ರಾಶಿ ನಾನೇ ಮಡಚಿಟ್ಟೆ, ಕೂರಲು ಜಾಗ ಬೇಕಲ್ಲ. ನೆಲ ಒರೆಸಿದೆ. ಎರಡು ಲೋಟ ತೊಳೆದೆ. ಎಂಥ ಪೆದ್ದಿ. ಪ್ರೆಸಿಡೆಂಟಿಗೆ ನಾಲ್ಕು ಜನ ಇದ್ದಾರೆ, ಭಾನುವಾರ ಅವಳಿಗೆ ಇಲ್ಲೇನು ಕೆಲಸ? ನಿನ್ನೆ ಹೆದರಿ ಹಾಗೆ ಹೇಳಿದಳು, ನಾನು ಬಾಯಿ ಬಿಡಬಾರದು ಎಂದು ಬಿಸ್ಕತ್ತು ಹಾಕಿದಳು, ನಾನು ಬಾಲ ಆಡಿಸಿದೆ. ಇಂಥವರನ್ನೆಲ್ಲ ನಂಬಿದರೆ

ಹತ್ತೂಮುಕ್ಕಾಲು

ಕಾರಿಡಾರಿನಲ್ಲಿ ಚಪ್ಪಲಿ. ಒಬ್ಬರದೇ. ಸುತ್ತ ಯಾರೂ ಇಲ್ಲದೆ ಅವಳು ನಡೆಯುವುದನ್ನು ನಾನು ಕೇಳಿಯೇ ಇಲ್ಲ, ಅವಳದೋ ಅಲ್ಲವೋ ಹೇಗೆ ಹೇಳುವುದು.

ನಿಂತಿತು.

ತಟ್ಟಿದಳು. ಏಳುವುದಿಲ್ಲ. ಮುಕ್ಕಾಲು ಗಂಟೆ ಕಾಯಿಸಿದ್ದಾಳೆ. ಮೊದಲ ಸಲಕ್ಕೇ ತೆಗೆದರೆ ಬಾಗಿಲ ಹಿಂದೆಯೇ ನಿಂತಿದ್ದಳು ಎಂದುಕೊಳ್ಳುತ್ತಾಳೆ. ಇನ್ನೊಂದು ಸಲ ತಟ್ಟಲಿ, ಆಗ ಆಕಳಿಸುತ್ತ, ಈಗಷ್ಟೇ ಎದ್ದವಳ ಹಾಗೆ

ತಟ್ಟುತ್ತಿಲ್ಲ. ಚಪ್ಪಲಿ ತಿರು