ಘಾಟಿನ ಪೆಟ್ಟಿಗಿ ಕಳಿಸಿದ ಸಾಲು

ಅಫಜಲಪುರ
ಆಗಸ್ಟ್ 19, ಮಂಗಳವಾರ

ಪ್ರೀತಿಯ ಅಮ್ಮೀ, ಸಲಾಂ.

ನಿನ್ನ ಮೊಣಕಾಲು ಹೆಂಗದ? ಶಾಹೀನ ಆಪಾನ ಮನ್ಯಾಗ ಬಾಣಂತನ ಮಾಡೂದ್ರಾಗ ನಿನ್ನ ಗುಳಿಗಿ ಮರೀಬ್ಯಾಡ. ಕೂಸಿಗೆ ನನ್ನದೊಂದು ಮುತ್ತು ಕೊಡು. ಹೊಳಿ ಬಂದಾಗಿಂದ ಇಲ್ಲಿ ಫೋನ್ ಹತ್ತವಲ್ದು, ಅದಕ್ಕ ಈ ಚೀಟಿ ಜೇವರ್ಗಿ ಬಸ್ಸಿನ ಕಂಡಕ್ಟರ್ ದಶರಥ ಕಾಕಾನ ಕೈಯಾಗ ಕೊಡಾಕತ್ತೇನಿ.

ಕಚೇರಿಯೊಳಗ ಏನ್ ಮಾಡ್ತೀ ಅಂತ ಕೇಳ್ತಿದ್ದಿ. ಅಬ್ಬಾ ಇದ್ದಾಗ ದಿನಾ ಮುಂಜಾನೆ ಭೀಮಾ ಘಾಟಿನಾಗ ನೀರು ನೋಡಿ ಈ ಕಚೇರಿಗೆ ಮೆಸೇಜ್ ಕಳಸ್ತಿದ್ದರು: ಊರು, ತಾರೀಖು, ನೀರಿನ ಮಟ್ಟ, ನಡುವ ಅಲ್ಪವಿರಾಮ. ಅವರು ತೀರಿಕೊಂಡ ಮ್ಯಾಲೆ ಅಲ್ಲೊಂದು ಮಟ್ಟ ಅಳೆಯೂ ಯಂತ್ರದ ಪೆಟ್ಟಿಗಿ ಕೂಡಿಸ್ಯಾರ, ಈಗ ಅದೇ ಕಳಸ್ತದ. ನಾ ಕಂಪ್ಯೂಟರಿನ ಭಾಷಾ ಪೈಥಾನ್‌ನಾಗ ಬರೆದ ಪ್ರೋಗ್ರಾಮ್ ಆ ಸಾಲನ್ನ ಅಲ್ಪವಿರಾಮ ಕಂಡಲ್ಲಿ ಕತ್ತರಿಸಿ, ತುಂಡುಗಳನ್ನ ಅದರದರ ಜಾಗಾದಾಗ ಇಡ್ತದ. ಮೂರರ ಬದಲಿ ನಾಕು ತುಂಡು ಬಂದ್ರ ನಿಂತುಬಿಡ್ತದ.

ಹೋದ ಗುರುವಾರ ನಿಂತಿತು. ನಾಕನೇ ತುಂಡು ಒಂದೇ ಶಬ್ದ: 'ಸಂಭಾಲ್ಕೊ'. ಹುಷಾರಾಗಿರು ಅಂತ ಅಬ್ಬಾ ಫೋನ್ ಇಡೂ ಮುಂದ ಅಂತಿದ್ದರಲ್ಲ, ಅದೇ. ತಾರೀಖು ಮರುದಿನದ್ದು. ಮಟ್ಟ ನೋಡಿದ್ರ ಘಾಟಿನ ಪಾವಟಿಗಿ ಎಲ್ಲಾ ಮುಳುಗೂವಷ್ಟು. "ಯಂತ್ರ ಕೆಟ್ಟದವಾ, ಅಳಿಸಿಬಿಡು" ಅಂದ್ರು ನಮ್ಮ ಅನೀಲಕುಮಾರ ಸರ್. ನನಗ ಕೈ ಬರಲಿಲ್ಲ. ಇಬ್ಬರೂ ಘಾಟಿಗೆ ಹೋದ್ವಿ. ಹೊಳಿ ತಣ್ಣಗ, ತಳದಾಗ ಹರೀತಿತ್ತು. ಪೆಟ್ಟಿಗಿ ತೆಗೆದ್ರ ಒಳಗ ಬ್ಯಾಟರಿ ಇಲ್ಲ, ಸಿಮ್ ಇಲ್ಲ. ಯಾವಾಗೋ ಯಾರೋ ಕಿತ್ಕೊಂಡು ಹೋಗ್ಯಾರ, ಇರುವಿ ಗೂಡು ಕಟ್ಯಾವ. ಸರ್ ಪೆಟ್ಟಿಗಿ ಬಾಗಿಲಾ ಮತ್ತ ಮುಚ್ಚಿದ್ರು. "ಹಂಗಾದ್ರ ಇಷ್ಟು ದಿನಾ ಯಾರು ಕಳಸಾಕತ್ತಿದ್ರು?" ಅಂದ್ರು.

ದಂಡಿ ಮ್ಯಾಲಿನ ಗುಡಿಸಲಿನಾಗ ಸುಲ್ತಾನಬಿ ಖಾಲಾ ಒಬ್ಬಾಕೀನೇ ಇರ್ತಾಳ. ಊರೊಳಗ ನಡಿ ಅಂದ್ರ "ಇಷ್ಟ ನೀರಿಗೆ ಯಾಕ ಹೆದರ್ತೀ ಬೇ?" ಅಂತ ನಕ್ಕಳು. ಕಡೀಗೆ ಅಬ್ಬಾ ಹೇಳ್ಯಾರ ಅಂದೆ. ನಗೂದು ನಿಲ್ಲಿಸಿ, ಹೋಗಿ ಆಡಿನ ಹಗ್ಗ ಬಿಚ್ಚಿದಳು. ಮರುದಿನ ಹೊತ್ತೇರೂದ್ರೊಳಗ ಮ್ಯಾಲಿನಿಂದ ನೀರು ಬಂತು. ಗುಡಿಸಲು ಹೋತು, ಜೀವ ಉಳೀತು. ಅಮ್ಮೀ, ಹೆದರಿಕಿಗಿಂತ ನನಗ ಅಬ್ಬಾನ ನೆನಪೇ ಬಾಳ ಆಗಾಕತ್ತದ.

ಆಪಾಗ, ಭಾಯಿಸಾಬಗ ಸಲಾಂ ಹೇಳು. ಅಲ್ಲಾಹ್ ನಿಮ್ಮನ್ನೆಲ್ಲಾ ಕಾಯಲಿ.

ನಿನ್ನ ಮಗಳು
ಫರಹೀನ

ತಾ.ಕ.: ಬಸ್ ಹೊರಡಾಕತ್ತದ. ಟವರ್ ಬಂದ್ ಅದ, ಆದ್ರೂ ಇವತ್ತು ಮುಂಜಾನೆ ಇನ್ನೊಂದು ಸಾಲು ಬಂತು. ಊರಿನ ಜಾಗಾದಾಗ ಆಪಾನ ಓಣಿ ಹೆಸರು ಅದ. ಅಲ್ಲಿ ಹೊಳಿ ಎಲ್ಲದ ಅಮ್ಮೀ? ತಾರೀಖು ಶುಕ್ರವಾರದ್ದು. ಮಟ್ಟದ ಜಾಗಾ ಖಾಲಿ. ಆಪಾನ್ನ, ಕೂಸನ್ನ, ಭಾಯಿಸಾಬನ್ನ ಕರ್ಕೊಂಡು ಯಡ್ರಾಮಿಗೆ ಹುಸೇನಬೀ ಖಾಲಾನ ಮನಿಗೆ ಇವತ್ತೇ ಹೋಗು. ನಾಳೆ ಅನಬ್ಯಾಡ.